ಹೆತ್ತವರ ಮಾತು, ಮಗುವಿನ ಫ್ರೆಂಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸ್, ಕ್ವೆಬೆಕ್, ಬೆಲ್ಜಿಯಂ ಮುಂತಾದ ಕಡೆ ಐದು ವರ್ಷದೊಳಗಿನ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಫ್ರೆಂಚ್ ಮಾತುಗಳನ್ನು ಕಾಗುಣಿತದಂತಲ್ಲ, ಕಿವಿಗೆ ಬೀಳುವಂತೆ ಬರೆದಿದ್ದೇವೆ. ಓದು ಬಾರದ ಮಗುವಿಗೆ ಸಿಗುವುದೂ ಆ ಸದ್ದು ಮಾತ್ರ. ಅದು ಮಾಡುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಅರ್ಥವಾಗುವುದು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡಾಗ. ‘ಝ’ ಎಂದಿರುವಲ್ಲಿ ಝೀಬ್ರಾದ ಝ ಎಂದು ಓದಿಕೊಳ್ಳಿ.

ಹೆತ್ತವರ ಮಾತು ಯಾವಾಗಿನಿಂದ ಮಗುವಿನ ಮೇಲೆ ಕೆಲಸ ಮಾಡುತ್ತದೆ?

ಹುಟ್ಟುವ ಮೊದಲೇ. ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ಮಾತು ಕೂಸಿಗೆ ಗೋಡೆಯಾಚೆಯ ಮಾತಿನ ಹಾಗೆ ಕೇಳುತ್ತದೆ. ಅಕ್ಷರ ತಿಳಿಯದಿದ್ದರೂ ರಾಗ ತಿಳಿಯುತ್ತದೆ. ಪ್ಯಾರಿಸ್ಸಿನಲ್ಲಿ ಜಾಕ್ ಮೆಲರ್ ಮತ್ತು ಜೊತೆಗಾರರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕು ದಿನದ ಫ್ರೆಂಚ್ ಕೂಸುಗಳು ಫ್ರೆಂಚನ್ನೂ ರಷ್ಯನ್ನನ್ನೂ ಬೇರೆ ಮಾಡಿ ಗುರುತಿಸಿದವು. 2009ರ ಇನ್ನೊಂದು ಅಧ್ಯಯನದಲ್ಲಿ 30 ಫ್ರೆಂಚ್, 30 ಜರ್ಮನ್ ನವಜಾತ ಶಿಶುಗಳ ಅಳುವನ್ನು ಹೋಲಿಸಿ ನೋಡಿದರು. ಫ್ರೆಂಚ್ ಕೂಸುಗಳ ಅಳು ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೇರುತ್ತಿತ್ತು, ಜರ್ಮನ್ ಕೂಸುಗಳದ್ದು ಮೇಲಿನಿಂದ ಇಳಿಯುತ್ತಿತ್ತು. ಎರಡೂ ಆಯಾ ಭಾಷೆಯ ರಾಗದ ದಾರಿಯೇ.

ಫ್ರೆಂಚಿನಲ್ಲಿ ಪದಗುಚ್ಛದ ಕೊನೆಯ ಅಕ್ಷರ ಎಳೆದುಕೊಳ್ಳುತ್ತದೆ. ‘ಆ್ಯಂ ಪತಿ ಶಾ’ (ಒಂದು ಪುಟ್ಟ ಬೆಕ್ಕು) ಎಂಬಲ್ಲಿ ಭಾರವೆಲ್ಲ ‘ಶಾ’ ಮೇಲೆ. ಮಗು ಮಾತಿನ ಹೊಳೆಯನ್ನು ತುಂಡು ಮಾಡುವುದು ಈ ಎಳೆತವನ್ನು ಹಿಡಿದು. ನಮಗೆ ಪದದ ಮೊದಲಕ್ಷರಕ್ಕೆ ಒತ್ತು ಕೊಟ್ಟೇ ಅಭ್ಯಾಸ. ಮಗುವಿನೊಂದಿಗೆ ಫ್ರೆಂಚ್ ಆಡುವಾಗ ಉಚ್ಚಾರಕ್ಕಿಂತ ಮೊದಲು ತಿದ್ದಿಕೊಳ್ಳಬೇಕಾದದ್ದು ಈ ಅಭ್ಯಾಸವನ್ನು.

ನಮ್ಮ ಮಗು ಕರಡಿಗೆ ಒಮ್ಮೆ ‘ನುರ್ಸ್’, ಒಮ್ಮೆ ‘ಝುರ್ಸ್’, ಒಮ್ಮೆ ‘ಲುರ್ಸ್’ ಅನ್ನುತ್ತದೆ. ಏನಾಗಿದೆ?

ಏನೂ ಆಗಿಲ್ಲ. ನೀವು ಹೇಳಿದ್ದನ್ನೇ ಅದು ಹೇಳುತ್ತಿದೆ.

ಪದ ನಿಜಕ್ಕೂ ‘ಉರ್ಸ್’. ಆದರೆ ಆ ರೂಪದಲ್ಲಿ ಅದು ಮಗುವಿನ ಕಿವಿಗೆ ಬೀಳುವುದು ಅಪರೂಪ. ಒಂದು ಕರಡಿ ಅಂದರೆ ‘ಆ್ಯಂ ನುರ್ಸ್’, ಎರಡು ಕರಡಿ ‘ದೊ ಝುರ್ಸ್’, ಪುಟ್ಟ ಕರಡಿ ‘ಪತಿ ತುರ್ಸ್’, ‘ಆ ಕರಡಿ’ ಎನ್ನಲು ‘ಲುರ್ಸ್’. ಎರಡು ಪದಗಳ ನಡುವೆ ವ್ಯಂಜನವೊಂದು ಎದ್ದು ಬರುವ ಈ ಕ್ರಮಕ್ಕೆ ಫ್ರೆಂಚರು ‘ಲಿಯೇಝೊಂ’ ಅನ್ನುತ್ತಾರೆ. ನಮ್ಮ ಆಗಮ ಸಂಧಿಯ ದೂರದ ನೆಂಟ ಅಂದುಕೊಳ್ಳಿ. ‘ಮನೆಯಲ್ಲಿ’ ಎಂಬಲ್ಲಿ ‘ಯ’ ಎಲ್ಲಿಂದ ಬಂತು ಅಂತ ಎರಡು ವರ್ಷದ ಕನ್ನಡದ ಮಗುವೂ ಕೇಳುವುದಿಲ್ಲ. ಆದರೆ ನಮ್ಮಲ್ಲಿ ಬರುವುದು ಯ, ವ ಎರಡೇ, ಅದೂ ಹಿಂದಿನ ಸ್ವರಕ್ಕೆ ತಕ್ಕಂತೆ. ಫ್ರೆಂಚಿನಲ್ಲಿ ಹಿಂದಿನ ಪದ ಯಾವುದು ಎನ್ನುವುದರ ಮೇಲೆ ನ, ಝ, ತ ಬದಲಾಗುತ್ತಾ ಹೋಗುತ್ತದೆ.

ಮಗು ಮೊದಲು ಕಲಿಯುವುದು ನಿಯಮವನ್ನಲ್ಲ, ಇಡೀ ತುಂಡನ್ನು. ‘ನುರ್ಸ್’, ‘ಝುರ್ಸ್’, ‘ಲುರ್ಸ್’ ಮೂರೂ ಅದರ ತಲೆಯಲ್ಲಿ ಮೂರು ಪದಗಳಾಗಿ ಕೂತಿರುತ್ತವೆ, ಕೈಗೆ ಸಿಕ್ಕಿದ್ದನ್ನು ಎತ್ತಿ ಬಳಸುತ್ತದೆ. ಯಾವುದು ಹೆಚ್ಚು ಬರುತ್ತದೆ ಎಂಬುದು ಮನೆಯಲ್ಲಿ ಯಾವ ತುಂಡು ಹೆಚ್ಚು ಬಿದ್ದಿದೆ ಎಂಬುದರ ಮೇಲೆ. ವಿಮಾನ ಒಂದೊಂದಾಗಿ ಹಾರುವುದರಿಂದ ‘ನಾವಿಯೊಂ’ ಬಹಳ ಕೇಳುತ್ತೇವೆ. ಹಕ್ಕಿಗಳು ಗುಂಪಾಗಿ ಕಾಣುವುದರಿಂದ ‘ಝುವಾಝೋ’. ಎರಡರಿಂದ ನಾಲ್ಕು ವರ್ಷದ ನಡುವೆ ಇಂಥ ತಪ್ಪು ಹೇರಳ. ಕಡ್ಡಾಯವಾದ ಜೋಡಣೆಗಳು ಸಾಮಾನ್ಯವಾಗಿ ಐದಾರು ವರ್ಷಕ್ಕೆ ಜಾಗಕ್ಕೆ ಕೂರುತ್ತವೆ.

ಮಾಡಬೇಕಾದದ್ದು ಇಷ್ಟೇ: ಒಂದೇ ಪದವನ್ನು ಒಂದೇ ಉಸಿರಿನಲ್ಲಿ ಎರಡು ಮೂರು ಚೌಕಟ್ಟುಗಳಲ್ಲಿ ಕೇಳಿಸಿ. ಚಿತ್ರದ ಪುಸ್ತಕ ತೆರೆದಿದೆ ಅನ್ನಿ.

ಮಗು: ಆ್ಯಂ ಲುರ್ಸ್!
ಅಮ್ಮ: ವಿ, ಸೆ ತ್ಯಾಂ ನುರ್ಸ್. ಇಲೆ ಗ್ರೋ, ಲುರ್ಸ್. ಎ ಲಾ, ದೊ ಝುರ್ಸ್!
(ಹೌದು, ಅದೊಂದು ಕರಡಿ. ದೊಡ್ಡದಿದೆ ಅದು, ಕರಡಿ. ಇಲ್ಲಿ ನೋಡು, ಎರಡು ಕರಡಿ!)

ತಪ್ಪನ್ನು ಎತ್ತಿ ತೋರಿಸಲಿಲ್ಲ, ಆಟ ನಿಲ್ಲಲಿಲ್ಲ, ಆದರೂ ಮೂರು ಚೌಕಟ್ಟು ಕಿವಿಗೆ ಬಿತ್ತು. ಅದರ ಬದಲು ‘ಆ್ಯಂ’ ಎಂದು ನಿಲ್ಲಿಸಿ ಆಮೇಲೆ ‘ಉರ್ಸ್’ ಎಂದು ಬಿಡಿಸಿ ಹೇಳುವ ಮೇಷ್ಟರ ಅಭ್ಯಾಸ ಕೆಲವರಿಗಿದೆ. ಒಮ್ಮೆ ಸರಿ. ಅದನ್ನೇ ರೂಢಿ ಮಾಡಿಕೊಂಡರೆ ಜೋಡಣೆಯೇ ಕೇಳಿಸದೆ ಹೋಗುತ್ತದೆ.

ಜೋಡಣೆ ಅರ್ಥವನ್ನೂ ಹೊರುತ್ತದೆ. ‘ಇಲೆಮ್’ ಅಂದರೆ ‘ಅವನು ಇಷ್ಟಪಡುತ್ತಾನೆ’, ‘ಇಲ್ ಝೆಮ್’ ಅಂದರೆ ‘ಅವರು ಇಷ್ಟಪಡುತ್ತಾರೆ’. ಮಾತಿನಲ್ಲಿ ಏಕವಚನ ಬಹುವಚನಗಳ ನಡುವೆ ಇರುವುದು ಆ ಒಂದು ‘ಝ’ ಮಾತ್ರ; ಅದನ್ನು ನುಂಗಬೇಡಿ.

ಇನ್ನೊಂದು ವಿಚಿತ್ರ. ಸ್ವಲ್ಪ ಬೆಳೆದ ಮಗು ಝೀಬ್ರಾಕ್ಕೆ ‘ಆ್ಯಂ ಝೆಬ್ರ್’ ಎನ್ನುವ ಬದಲು ‘ಆ್ಯಂ ನೆಬ್ರ್’ ಅನ್ನಬಹುದು. ಅಲ್ಲಿನ ಝ ಪದದ್ದೇ. ಆದರೆ ಮಗುವಿಗೆ ನಿಯಮ ಆಗಷ್ಟೇ ಹೊಳೆದಿರುತ್ತದೆ, ಎಲ್ಲ ಝಕಾರವೂ ಅದಕ್ಕೆ ಅನುಮಾನ. ಈ ತಪ್ಪು ಕಂಡರೆ ಖುಷಿಪಡಿ.

ದನಿ ಏರಿಸಿ, ರಾಗ ಎಳೆದು ಮುದ್ದುಮಾತು ಆಡಿದರೆ ಮಗುವಿನ ಭಾಷೆ ಕೆಡುವುದಿಲ್ಲವೇ?

ಇಲ್ಲ. ಇದಕ್ಕೆ ಫ್ರೆಂಚಿನಲ್ಲಿ ‘ಮಾಮಾನೆ’ ಎಂಬ ಹೆಸರೇ ಇದೆ, ‘ಅಮ್ಮನ್ನಡ’ ಅನ್ನಬಹುದೇನೋ. ಹೆಸರು ಅಮ್ಮನದ್ದಾದರೂ ಅಪ್ಪಂದಿರೂ ಹೀಗೆಯೇ ಆಡುತ್ತಾರೆ. ಆ್ಯನ್ ಫರ್ನಾಲ್ಡ್ ಮತ್ತು ಸಂಗಡಿಗರು 1989ರಲ್ಲಿ ಫ್ರೆಂಚೂ ಸೇರಿದಂತೆ ಹಲವು ಭಾಷೆಗಳ ತಾಯಿತಂದೆಯರ ಮಾತು ಅಳೆದಾಗ, ಮಗುವಿನೆದುರು ಇಬ್ಬರ ದನಿಯೂ ಏರುತ್ತಿತ್ತು, ವಾಕ್ಯ ಮೊಟಕಾಗುತ್ತಿತ್ತು, ನಡುವಿನ ಬಿಡುವು ಉದ್ದವಾಗುತ್ತಿತ್ತು. ಕೂಸಿಗೆ ಬೇಕಾದದ್ದೂ ಅದೇ.

ನಮ್ಮಲ್ಲಿ ‘ತಾಚಿ’, ‘ಮಮ್ಮು’ ಇರುವಂತೆ ಅಲ್ಲಿ ಒಂದೇ ಅಕ್ಷರವನ್ನು ಎರಡು ಸಲ ಹೇಳುವ ಪದಗಳಿವೆ. ‘ದೋದೋ’ ನಿದ್ದೆ, ‘ಬೋಬೋ’ ಗಾಯ, ‘ದುದು’ ಮಗು ಬಿಡದೆ ಹಿಡಿದುಕೊಳ್ಳುವ ಗೊಂಬೆ ಅಥವಾ ಬಟ್ಟೆ, ‘ನುನು’ ಮಗು ನೋಡಿಕೊಳ್ಳುವವಳು, ‘ತೊಂತೊಂ’ ಮಾವ ಅಥವಾ ಚಿಕ್ಕಪ್ಪ. ‘ತಾತಾ’ ಅಂದರೆ ಅತ್ತೆ ಅಥವಾ ಚಿಕ್ಕಮ್ಮ. ಕನ್ನಡದ ಮನೆಯಲ್ಲಿ ಇದರಿಂದ ಆಗುವ ಫಜೀತಿ ಹೇಳಬೇಕಿಲ್ಲ. ಇವೆಲ್ಲ ಧಾರಾಳವಾಗಿ ಬಳಸುವಂಥವೇ. ‘ದುದು’ ಅಂತೂ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕ್ರೆಶ್‌ನಲ್ಲಿ ದಿನವೂ ಬೇಕಾಗುವ ಪದ.

ಮಾಡಬಾರದ್ದು ಒಂದೇ: ಮಗುವಿನ ತೊದಲನ್ನು ತಿರುಗಿ ಅದಕ್ಕೇ ಒಪ್ಪಿಸುವುದು. ಅದು ‘ಗಾತೋ’ (ಕೇಕ್) ಎನ್ನಲಾರದೆ ‘ತಾತೋ’ ಎಂದರೆ ಮುದ್ದಾಗಿರುತ್ತದೆ, ನಿಜ. ನೀವು ಮಾತ್ರ ‘ಗಾತೋ’ ಅನ್ನಿ.

ನಾವು ಕಲಿತದ್ದು ತರಗತಿಯ ಫ್ರೆಂಚ್. ಮಗುವಿನೊಂದಿಗೆ ಅದನ್ನೇ ಆಡಬೇಕೇ, ಬೀದಿಯ ಫ್ರೆಂಚನ್ನೇ?

ಎಲ್ಲರೂ ಆಡುವ ಫ್ರೆಂಚನ್ನು. ತರಗತಿಯ ಫ್ರೆಂಚಿಗೂ ಮನೆಯ ಫ್ರೆಂಚಿಗೂ ಇರುವ ಅಂತರ, ಪಠ್ಯಪುಸ್ತಕದ ಕನ್ನಡಕ್ಕೂ ಅಡುಗೆಮನೆಯ ಕನ್ನಡಕ್ಕೂ ಇರುವಷ್ಟೇ ದೊಡ್ಡದು.

‘ನನಗೆ ಗೊತ್ತಿಲ್ಲ’ ಎನ್ನಲು ನಿಮಗೆ ಕಲಿಸಿದ್ದು ‘ಜ ನ ಸೆ ಪಾ’. ಮಗುವಿಗೆ ಕೇಳುವುದು ‘ಶೆ ಪಾ’. ನಿಷೇಧದ ಎರಡು ಭಾಗಗಳಲ್ಲಿ ಮೊದಲಿನ ‘ನ’ ಮಾತಿನಲ್ಲಿ ಹೆಚ್ಚಾಗಿ ಬಿದ್ದೇ ಹೋಗುತ್ತದೆ. ಮಾಂಟ್ರಿಯಲ್‌ನಲ್ಲಿ 1971ರಲ್ಲಿ ಧ್ವನಿಮುದ್ರಿಸಿದ ಮಾತುಗಳನ್ನು ಎಣಿಸಿದಾಗ ಆ ‘ನ’ ಉಳಿದಿದ್ದದ್ದು ಸುಮಾರು ಇನ್ನೂರರಲ್ಲಿ ಒಂದು ಕಡೆ. ಹಾಗೆಯೇ ‘ನಾವು’ ಎನ್ನಲು ‘ನು’ ಅಲ್ಲ, ‘ಒಂ’. ‘ಇದೆ’ ಎನ್ನಲು ‘ಇಲ್ ಇ ಆ’ ಅಲ್ಲ, ‘ಯಾ’. ‘ನಿನ್ನ ಹತ್ತಿರ ಇದೆ’ ಎನ್ನಲು ‘ತ್ಯು ಆ’ ಅಲ್ಲ, ‘ತಾ’. ಮಗು ಇವನ್ನು ಕಲಿತರೆ ಕೆಟ್ಟ ಫ್ರೆಂಚ್ ಕಲಿತಂತಲ್ಲ, ಸುತ್ತಲಿನ ಮಕ್ಕಳ ಫ್ರೆಂಚ್ ಕಲಿತಂತೆ.

ಪ್ರಶ್ನೆ ಕೇಳುವ ರೀತಿಯಲ್ಲೂ ಹೀಗೇ. ಕ್ರಿಯಾಪದ ತಿರುಗಿಸಿ ‘ಉ ಎ ತೊಂ ದುದು?’ ಎಂದು ಮಗುವನ್ನು ಕೇಳುವವರು ಕಡಿಮೆ. ‘ಇಲೆ ಉ, ತೊಂ ದುದು?’ ಅನ್ನುತ್ತಾರೆ, ಅಂದರೆ ‘ಎಲ್ಲಿದೆ ಅದು, ನಿನ್ನ ದುದು?’. ಮೊದಲು ಸರ್ವನಾಮ, ಕೊನೆಯಲ್ಲಿ ಹೆಸರು. ಇದು ಕನ್ನಡಿಗರಿಗೆ ಹೊಸದೇನಲ್ಲ, ‘ಎಲ್ಹೋದ್ಳು ಇವ್ಳು, ನಿಮ್ಮಕ್ಕ?’ ಎಂದು ನಾವೂ ಕೇಳುತ್ತೇವೆ. ಆದರೆ ಫ್ರೆಂಚ್ ಆಡುವಾಗ ಪರೀಕ್ಷೆ ಬರೆಯುವ ಹಾಗೆ ನೆಟ್ಟಗಾಗಿಬಿಡುತ್ತೇವೆ. ಸಡಿಲಬಿಡಿ.

ಹಾಗಾದರೆ ಬರಹದ ಫ್ರೆಂಚ್ ಎಲ್ಲಿಂದ ಬರಬೇಕು? ಪುಸ್ತಕದಿಂದ. ಮಕ್ಕಳ ಕಥೆಪುಸ್ತಕಗಳಲ್ಲಿ ಆ ಬಿದ್ದುಹೋದ ‘ನ’ ಇರುತ್ತದೆ, ‘ನು’ ಇರುತ್ತದೆ, ಮಾತಿನಲ್ಲಿ ಯಾರೂ ಬಳಸದ ಭೂತಕಾಲವೂ ಇರುತ್ತದೆ. ‘ತೋಳ ಬಂದಿತು’ ಎಂಬ ಧಾಟಿಯ ‘ಲ ಲು ಆರಿವಾ’. ಓದುವಾಗ ಅದನ್ನು ಮಾತಿನ ರೂಪಕ್ಕೆ ಇಳಿಸಬೇಡಿ, ಇದ್ದದ್ದು ಇದ್ದಂತೆ ಓದಿ. ದಿನಕ್ಕೆ ಹತ್ತು ನಿಮಿಷ, ಒಂದೇ ಪುಸ್ತಕ ವಾರವಿಡೀ ಆದರೂ ಬೇಸರಿಸಬೇಡಿ. ಬೇಸರ ನಿಮಗೆ, ಮಗುವಿಗಲ್ಲ.

‘ಲ’ ಎಲ್ಲಿ, ‘ಲಾ’ ಎಲ್ಲಿ? ಲಿಂಗ ನಮಗೇ ತಪ್ಪುತ್ತದೆ.

ಮೇಜು ಹೆಣ್ಣು, ಅದಕ್ಕೆ ‘ಲಾ’; ಪುಸ್ತಕ ಗಂಡು, ಅದಕ್ಕೆ ‘ಲ’. ಕನ್ನಡದ ‘ಅದು’ ಎಂಬ ಒಂದು ಪದದಲ್ಲಿ ಬೆಳೆದವರಿಗೆ ಇದು ಕಷ್ಟವೇ. ಅಲ್ಲಿನ ಮಕ್ಕಳು ಕಷ್ಟಪಡದಿರಲು ಕಾರಣ, ಅವರಿಗೆ ನಾಮಪದ ಒಂಟಿಯಾಗಿ ಸಿಗುವುದೇ ಇಲ್ಲ, ‘ಲ’, ‘ಲಾ’, ‘ಆ್ಯಂ’, ‘ಯುನ್’ ಅಂಟಿಸಿಕೊಂಡೇ ಬರುತ್ತದೆ. ಒಂದೂವರೆ ವರ್ಷದ ಮಗು ‘ಅ ಬೆಬೆ’, ‘ಎ ಶಾ’ ಎಂದು ಹೆಸರಿನ ಮುಂದೆ ಅಸ್ಪಷ್ಟ ಸ್ವರವೊಂದನ್ನು ಹಾಕುತ್ತದಲ್ಲ, ಅದು ಮುಂದೆ ಬರುವ ‘ಲ’, ‘ಲಾ’ಗಳಿಗೆ ಹಿಡಿದಿಟ್ಟ ಜಾಗ.

ಆದ್ದರಿಂದ ವಸ್ತು ತೋರಿಸಿ ಬರೀ ‘ಶೊಸೆತ್!’ (ಕಾಲುಚೀಲ) ಅನ್ನಬೇಡಿ, ‘ಯುನ್ ಶೊಸೆತ್’ ಅನ್ನಿ. ಮಕ್ಕಳು ಪದದ ಕೊನೆಯನ್ನೂ ಆಲಿಸುತ್ತಾರೆ. ಆ್ಯನೆಟ್ ಕಾರ್ಮಿಲಾಫ್-ಸ್ಮಿತ್ 1979ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಅರ್ಥವಿಲ್ಲದ ಹೊಸ ಪದ ಕೊಟ್ಟಾಗಲೂ ಮೂರು ನಾಲ್ಕು ವರ್ಷದವರು ಅದರ ಕೊನೆಯ ಸದ್ದು ನೋಡಿ ಲಿಂಗ ಹಚ್ಚುತ್ತಿದ್ದರು. ‘-ಎತ್’ ಎಂದು ಮುಗಿದರೆ ಹೆಚ್ಚಾಗಿ ಹೆಣ್ಣು (ಫುರ್ಶೆತ್, ಶೊಸೆತ್), ‘-ಓ’ ಎಂದು ಮುಗಿದರೆ ಹೆಚ್ಚಾಗಿ ಗಂಡು (ಬಾತೋ, ಗಾತೋ, ಶಾಪೋ). ಆದರೆ ನೀರು, ಅಂದರೆ ‘ಓ’, ಹೆಣ್ಣು.

ಒಂದು ಹೊಂಚು: ಸ್ವರದಿಂದ ಶುರುವಾಗುವ ಪದಗಳಲ್ಲಿ ಲಿಂಗ ಅಡಗಿಕೊಳ್ಳುತ್ತದೆ. ‘ಲೆಕೊಲ್’ (ಶಾಲೆ) ಎಂದರೆ ಗಂಡೋ ಹೆಣ್ಣೋ ತಿಳಿಯದು. ನಡುನಡುವೆ ‘ಯುನ್ ಗ್ರಾಂದ್ ಎಕೊಲ್’ (ಒಂದು ದೊಡ್ಡ ಶಾಲೆ) ಅಂದರೆ ತಿಳಿಯುತ್ತದೆ. ಲಿಂಗ ಗೊತ್ತಿಲ್ಲದಾಗ ಊಹಿಸಿ ಹೇಳಬೇಡಿ, ‘ಇದು ನೋಡು’ ಎಂದು ಕನ್ನಡಕ್ಕೆ ಹೊರಳಿ.

‘ಇಲಾ ಪ್ರಾಂದ್ಯು’ ಅನ್ನುತ್ತದೆ. ತಿದ್ದಬೇಕೇ?

‘ತೆಗೆದುಕೊಂಡ’ ಎನ್ನಲು ‘ಇಲಾ ಪ್ರಿ’ ಬೇಕು. ಆದರೆ ‘ರಾಂದ್ರ್’ಗೆ ‘ರಾಂದ್ಯು’, ‘ಆತಾಂದ್ರ್’ಗೆ ‘ಆತಾಂದ್ಯು’ ಆಗುವಾಗ ‘ಪ್ರಾಂದ್ರ್’ಗೆ ‘ಪ್ರಾಂದ್ಯು’ ಯಾಕಾಗಬಾರದು? ಮಗುವಿನ ತರ್ಕ ಸರಿ, ಭಾಷೆಯ ಹಟ ಬೇರೆ. ‘ಮಾಡುತ್ತೀರಿ’ ಎನ್ನಲು ‘ವು ಫೆತ್’ ಬದಲು ‘ವು ಫಝೆ’ ಎನ್ನುವುದೂ ಇದೇ ಜಾತಿ.

ಮಗುವಿನ ವಾಕ್ಯವನ್ನೇ ಸರಿಯಾದ ರೂಪದಲ್ಲಿ, ಒಪ್ಪಿಗೆಯ ದನಿಯಲ್ಲಿ ಮರಳಿಸಿ: ‘ಆ, ಇಲಾ ಪ್ರಿ ತೊಂ ಕಾಮಿಯೊಂ?’ (ಓ, ನಿನ್ನ ಲಾರಿ ತೆಗೆದುಕೊಂಡನಾ?). ಮಿಷೆಲ್ ಶುನಾರ್ ಮತ್ತು ಈವ್ ಕ್ಲಾರ್ಕ್ 2003ರಲ್ಲಿ ಐದು ಮಕ್ಕಳ ಮಾತುಗಳನ್ನು ನೋಡಿದ್ದರು. ಇಬ್ಬರು ಫ್ರೆಂಚ್ ಕಲಿಯುತ್ತಿದ್ದವರು. ದೊಡ್ಡವರು ಮಕ್ಕಳ ತಪ್ಪುಗಳನ್ನು ಹೀಗೆ ಮರಳಿಸುವುದು ಮಾಮೂಲಿ, ಮಕ್ಕಳೂ ಅದನ್ನು ಗಮನಿಸುತ್ತಾರೆ ಎಂದು ತೋರಿತು. ‘ತಪ್ಪು, ಇನ್ನೊಮ್ಮೆ ಹೇಳು’ ಅಂದರೆ ಏನಾಗುತ್ತದೆ ಎಂಬುದಕ್ಕೆ ಅಧ್ಯಯನ ಬೇಕಿಲ್ಲ: ಲಾರಿಯ ಕಥೆ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಉಚ್ಚಾರ ಸರಿಯಿಲ್ಲ. ಮಗುವಿನೊಂದಿಗೆ ಫ್ರೆಂಚ್ ಆಡುವುದೇ ಬೇಡವೇ?

ಆಡಬಾರದೆಂದಿಲ್ಲ, ಕ್ರೆಶ್ ಮತ್ತು ಶಾಲೆಯ ಮಕ್ಕಳ ಮಾತು ಕಿವಿಗೆ ಬಿದ್ದಂತೆ ಮಗುವಿನ ಉಚ್ಚಾರ ಅತ್ತ ಹೊರಳುತ್ತದೆ. ಆದರೆ ಅಳುಕಿ ಅಳುಕಿ ಆಡುವ ಫ್ರೆಂಚಿಗಿಂತ ತುಂಬುಬಾಯಿಯ ಕನ್ನಡ ಮೇಲು. ಕಥೆ, ಕೋಪ, ತಮಾಷೆ, ‘ಯಾಕೆ’ಗಳಿಗೆಲ್ಲ ಉತ್ತರ ಬೇಕಾದ ವಯಸ್ಸದು.

ಆಡುವುದಾದರೆ ಕನ್ನಡದ ಬಾಯನ್ನೇ ನಂಬಿ. ಇಂಗ್ಲಿಷ್ ಮೂಲಕ ಫ್ರೆಂಚಿಗೆ ಬಂದ ನಮ್ಮವರು ‘ಟೇಬಲ್’ ನೆನಪಿನಲ್ಲಿ ‘ಟಾಬ್ಲ್’ ಅನ್ನುತ್ತಾರೆ. ಫ್ರೆಂಚಿನ ತ, ದ ಹಲ್ಲಿಗೆ ನಾಲಿಗೆ ತಾಗಿಸುವ ನಮ್ಮ ತ, ದಗಳೇ. ಪ, ಕಗಳಲ್ಲೂ ಇಂಗ್ಲಿಷಿನ ಉಸಿರಿಲ್ಲ. ಕಷ್ಟ ಇರುವುದು ಸ್ವರಗಳಲ್ಲಿ. ‘ದಸ್ಯು’ ಅಂದರೆ ಮೇಲೆ, ‘ದಸು’ ಅಂದರೆ ಕೆಳಗೆ. ಈ ‘ಯು’ಗೆ ನಾಲಿಗೆ ‘ಈ’ ಎನ್ನುವಂತಿರಲಿ, ತುಟಿ ‘ಊ’ ಎನ್ನುವಂತಿರಲಿ. ಇದು ಬಾರದಿದ್ದರೆ ಚೆಂಡು ಮೇಜಿನ ಮೇಲಿದೆಯೋ ಕೆಳಗಿದೆಯೋ ಮಗುವಿಗೆ ತಿಳಿಯದು. ಬೆರಳು ತೋರಿಸಿ ಹೇಳಿ.

ಮನೆಯಲ್ಲಿ ಕನ್ನಡ, ಹೊರಗೆ ಫ್ರೆಂಚ್. ಬೆರಸಿ ಮಾತಾಡಿದರೆ ತೊಂದರೆಯೇ?

ಗೊಂದಲವೇನೂ ಆಗುವುದಿಲ್ಲ. ಆದರೆ ಬೆರಸುವ ಜಾಗ ನೋಡಿಕೊಳ್ಳಿ. ಮಾಂಟ್ರಿಯಲ್‌ನಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಕೇಳಿ ಬೆಳೆಯುತ್ತಿದ್ದ 20 ತಿಂಗಳ ಮಕ್ಕಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಾಕ್ಯದ ನಡುವೆ ಭಾಷೆ ಬದಲಾದಾಗ ಮಕ್ಕಳು ಚಿತ್ರ ಹುಡುಕಲು ತುಸು ತಡವರಿಸಿದರು. ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವಲ್ಲಿ ಬದಲಾದರೆ ಆ ತೊಡಕು ಕಡಿಮೆಯಾಯಿತು. ಹಾಗಾಗಿ ‘ಶಿಯ್ಯಾಂಗೆ ಊಟ ಹಾಕು’ ಎನ್ನುವ ಬದಲು ‘ನಾಯಿಗೆ ಊಟ ಹಾಕು. ಲ ಶಿಯ್ಯಾಂ, ಇಲಾ ಫ್ಯಾಂ’ (ನಾಯಿಗೆ ಹಸಿವಾಗಿದೆ) ಅನ್ನಿ. ಕನ್ನಡ ಕನ್ನಡದ ಪ್ರತ್ಯಯಗಳೊಂದಿಗೆ, ಫ್ರೆಂಚ್ ಅದರ ‘ಲ’, ‘ಲಾ’ಗಳೊಂದಿಗೆ ಇಡಿಯಾಗಿ ಸಿಗುತ್ತದೆ.

ಪದ ಎಣಿಸುವಾಗ ಎರಡೂ ಭಾಷೆ ಕೂಡಿಸಿ ಎಣಿಸಿ. ಫ್ರೆಂಚಿನಲ್ಲಿ 25, ಕನ್ನಡದಲ್ಲಿ 40 ಪದ ಆಡುವ ಮಗುವನ್ನು 25 ಪದದ ಮಗು ಎಂದು ತೂಗುವುದು ಅನ್ಯಾಯ. ಫ್ರಾನ್ಸ್‌ನಲ್ಲಿ 2019ರಿಂದ ಮೂರು ವರ್ಷಕ್ಕೇ ಶಿಕ್ಷಣ ಕಡ್ಡಾಯ. ಶಿಶುವಿಹಾರದಂಥ ಶಾಲೆಯಾದ ಮಾತೆರ್ನೆಲ್‌ಗೆ ಸೇರಿದ ಮೇಲೆ ಫ್ರೆಂಚ್ ತಾನಾಗಿ ಉಕ್ಕುತ್ತದೆ. ಬತ್ತುವ ಅಪಾಯ ಇರುವುದು ಕನ್ನಡಕ್ಕೆ.

ಕ್ವೆಬೆಕ್‌ನಲ್ಲಿದ್ದೇವೆ. ಅಲ್ಲಿ ಬೇರೆಯೇ?

ತಳಹದಿ ಒಂದೇ. ಸದ್ದಿನಲ್ಲಿ ಬೇರೆ: ಇ ಮತ್ತು ಯು ಸ್ವರಗಳಿಗೆ ಮೊದಲು ಬರುವ ತ, ದಗಳು ‘ತ್ಸ’, ‘ದ್ಝ’ ಆಗುತ್ತವೆ, ‘ತ್ಯು’ ಎಂಬುದು ‘ತ್ಸ್ಯು’. ಹೌದೋ ಅಲ್ಲವೋ ಎಂದು ಕೇಳುವಾಗ ಕ್ರಿಯಾಪದದ ಬೆನ್ನಿಗೆ ಇನ್ನೊಂದು ‘ತ್ಸ್ಯು’ ಸೇರುತ್ತದೆ, ಹೆಚ್ಚುಕಡಿಮೆ ನಮ್ಮ ‘ಬರ್ತೀಯಾ’ದ ‘ಆ’ ಹಾಗೆ. ಪ್ಯಾರಿಸ್ಸಿನ ಪುಸ್ತಕ ಹಿಡಿದು ಇದನ್ನು ತಿದ್ದಲು ಹೋಗಬೇಡಿ.

ಫ್ರೆಂಚ್ ಕಾರ್ಟೂನ್ ಹಾಕಿ ಕೂರಿಸಿದರೆ?

ಮಾತು ಬರುವುದಿಲ್ಲ. ಪೆಟ್ರೀಷಿಯಾ ಕೂಲ್ ಮತ್ತು ತಂಡದವರ 2003ರ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ 12 ಸಲ ಚೀನೀ ಭಾಷೆ ಕೇಳಿಸಿದರು. ಎದುರು ಕೂತು ಆಡಿಸಿದವರಿಂದ ಕೂಸುಗಳು ಆ ಭಾಷೆಯ ಸದ್ದುಗಳ ವ್ಯತ್ಯಾಸ ಹಿಡಿದವು. ಅದೇ ವ್ಯಕ್ತಿಗಳ ವಿಡಿಯೋದಿಂದ ಏನೂ ದಕ್ಕಲಿಲ್ಲ. ಫ್ರಾನ್ಸ್‌ನಲ್ಲಿ ಮಕ್ಕಳಿಗೆ ಕೊಡುವ ಆರೋಗ್ಯ ಪುಸ್ತಕವೂ ಮೂರು ವರ್ಷದವರೆಗೆ ಪರದೆ ಬೇಡ ಅನ್ನುತ್ತದೆ.

ಮಾತು ತಡವಾದರೆ ಮಗುವನ್ನು ಯಾವಾಗ ತೋರಿಸಬೇಕು? ಯಾರಿಗೆ?

ಒಂಬತ್ತು ಹತ್ತು ತಿಂಗಳಾದರೂ ‘ಬಾಬಾ, ದಾದಾ’ ಇಲ್ಲ, ಹೆಸರು ಕರೆದರೆ ತಿರುಗುವುದಿಲ್ಲ. ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸುವುದಿಲ್ಲ. ಎರಡು ವರ್ಷವಾದರೂ ಯಾವ ಭಾಷೆಯಲ್ಲೂ ಎರಡು ಪದ ಜೋಡಿಸುವುದಿಲ್ಲ. ಮೂರಕ್ಕೆ ಹೊರಗಿನವರಿಗೆ ಮಾತು ಅರ್ಥವೇ ಆಗುವುದಿಲ್ಲ. ಇಂಥಲ್ಲಿ ‘ಎರಡು ಭಾಷೆ ಅಲ್ವಾ, ತಡ ಆಗುತ್ತೆ’ ಎಂದು ಕಾಯಬೇಡಿ. ನಿಜವಾದ ತೊಂದರೆ ಇದ್ದರೆ ಕನ್ನಡದಲ್ಲೂ ಕಾಣುತ್ತದೆ. ಫ್ರೆಂಚಿನಲ್ಲಿ ಮಾತ್ರ ಹಿಂದೆ, ಕನ್ನಡ ಸಲೀಸು ಎಂದಾದರೆ ಫ್ರೆಂಚ್ ಇನ್ನೂ ಸಾಕಷ್ಟು ಕಿವಿಗೆ ಬಿದ್ದಿಲ್ಲ ಅಷ್ಟೆ.

‘ಟ್ರೇನ್’ಗೆ ‘ತ್ರ್ಯಾಂ’ ಬದಲು ‘ಕ್ರ್ಯಾಂ’ ಎನ್ನುವುದು, ‘ಶ’ ಬದಲು ‘ಸ’ ಹೇಳಿ ‘ಶೊಸ್ಯುರ್’ (ಬೂಟು) ಅನ್ನು ‘ಸೊಸ್ಯುರ್’ ಮಾಡುವುದು ಫ್ರೆಂಚ್ ಮಕ್ಕಳಲ್ಲೂ ಮಾಮೂಲಿ. ಶ, ಜ ಎಲ್ಲಕ್ಕಿಂತ ಕೊನೆಗೆ ಬರುತ್ತವೆ.

ಫ್ರಾನ್ಸ್‌ನಲ್ಲಿ ಆರು ವರ್ಷದೊಳಗಿನ ಮಕ್ಕಳನ್ನು ನಿಮ್ಮ ಪ್ರದೇಶದ ಪಿ.ಎಂ.ಐ. (ತಾಯಿ ಮಕ್ಕಳ ಆರೋಗ್ಯ ಸೇವೆ) ಕೇಂದ್ರದಲ್ಲಿ ಉಚಿತವಾಗಿ ನೋಡುತ್ತಾರೆ. ಮೊದಲು ಕಿವಿ ಪರೀಕ್ಷೆ ಕೇಳಿ. ಪದೇ ಪದೇ ನೆಗಡಿಯಾಗಿ ಕಿವಿಯಲ್ಲಿ ನೀರು ತುಂಬುವ ಮಗುವಿಗೆ ಮಾತು ಮಸುಕಾಗಿ ಕೇಳುತ್ತದೆ, ‘ನ’, ‘ಝ’ದಂಥ ಸಣ್ಣ ಸದ್ದುಗಳು ಮೊದಲು ಕಳೆದುಹೋಗುತ್ತವೆ. ಮುಂದಿನದು ಮಾತಿನ ಚಿಕಿತ್ಸಕರಾದ ಓರ್ತೊಫೊನಿಸ್ತ್ ಅವರ ಕೆಲಸ. ಕಾಯುವ ಪಟ್ಟಿ ಉದ್ದವಿರುತ್ತದೆ, ಅನುಮಾನ ಬಂದ ವಾರವೇ ಹೆಸರು ಬರೆಸಿ. ಅವರಿಗೆ ಕನ್ನಡ ಬಾರದು. ಹೋಗುವಾಗ ಮಗು ಎರಡೂ ಭಾಷೆಯಲ್ಲಿ ಆಡುವ ಪದಗಳ ಪಟ್ಟಿ, ಪ್ರತಿ ಕನ್ನಡ ಪದದ ಮುಂದೆ ಫ್ರೆಂಚ್ ಅರ್ಥ, ಮನೆಯಲ್ಲಿ ಕನ್ನಡ ಆಡುವಾಗ ಫೋನಿನಲ್ಲಿ ಮುದ್ರಿಸಿಕೊಂಡ ಎರಡು ಮೂರು ನಿಮಿಷದ ಮಾತು, ದಿನದಲ್ಲಿ ಯಾರು ಎಷ್ಟು ಗಂಟೆ ಯಾವ ಭಾಷೆ ಆಡುತ್ತಾರೆ ಎಂಬ ಲೆಕ್ಕ ಇಷ್ಟನ್ನು ಒಯ್ಯಿರಿ. ‘ಮನೆಯಲ್ಲೂ ಫ್ರೆಂಚೇ ಆಡಿ’ ಎಂಬ ಸಲಹೆ ಬಂದರೆ, ಯಾವ ಕಾರಣಕ್ಕೆ ಎಂದು ಬಿಡಿಸಿ ಕೇಳಿ.